ರಮಜಾನಬಿಯ ಬಿಳಿ ಕರವಸ್ತ್ರ

ಒಂದಾನೊಂದು ಊರಿನಲ್ಲಿ ಕರಿಹೊಗೆ ಉಗುಳುವ ರಾಕ್ಷಸನಿದ್ದ ಎಂದು ಅಜ್ಜಿ ಕಥೆ ಶುರುಮಾಡುತ್ತಿದ್ದಳು. ಶಿರಹಟ್ಟಿಯ ಹೊಗೆ ತಪಾಸಣೆಯ ಸಾಲಿನಲ್ಲಿ ಆ ರಾಕ್ಷಸ ಆಟೋ ರೂಪದಲ್ಲಿ ನನ್ನ ಮುಂದೆಯೇ ನಿಂತಿದ್ದ. ಒಡೆಯ ಫಕೀರಸಾಬ, ಪಕ್ಕದಲ್ಲಿ ಹೆಂಡತಿ ರಮಜಾನಬಿ.

“ಪಾಸಾದ್ರ ಮಾಗಡಿ ಕೆರಿಗೆ, ಖರೇನ್ರಿ?” ರಮಜಾನಬಿ ಕೇಳಿದಳು.

“ಖರೆ. ಹಕ್ಕಿ ತೋರಸ್ತೀನಿ.”

“ಹೋದ ವರ್ಷ ನಿಮ್ಮ ಹೊಗಿಗೆ ಮಷೀನೇ ಕೆಮ್ಮಿತ್ತು. ಹಕ್ಕಿ ಉಳೀತಾವೇನು?”

“ಇಂಜಿನ್ ರಿಪೇರಿ ಮಾಡಿಸೀನಿ, ಸುಮ್ನಿರ.”

ತಪಾಸಣೆಯವನು ಮಷೀನಿನ ಕೊಳವೆಯನ್ನು ಸೈಲೆನ್ಸರಿನಿಂದ ಹೊರತೆಗೆದು ನಕ್ಕ. “ಪಾಸ್, ಚಾಚಾ!”

“ತಡೀರಿ, ನಂದೊಂದು ತಪಾಸಣಿ ಐತಿ.”

ರಮಜಾನಬಿ ಸೈಲೆನ್ಸರಿಗೆ ಬಿಳಿ ಕರವಸ್ತ್ರ ಹಿಡಿದಳು. ಅದು ಬೆಳ್ಳಗೇ ಉಳಿಯಿತು.

“ಆತು, ಹತ್ತತೀನಿ.”

“ಕೆರಿಗೆ ನಾಳೆ ಹೋಗೂಣೇನ?” ಫಕೀರಸಾಬ ಮೆಲ್ಲಗೆ ಕೇಳಿದ.

“ಹೊಗಿ ಬಿಟ್ಟಂಗ ಸುಳ್ಳೂ ಬಿಡ್ರಿ. ನಡೀರಿ ಜಲ್ದಿ!”

ಆಟೋ ಮಾಗಡಿ ರಸ್ತೆಗೆ ತಿರುಗಿತು. ಹಿಂದೆ ಹೊಗೆಯ ಬದಲು ಬಿಳಿ ಕರವಸ್ತ್ರ ಹಾರುತ್ತಿತ್ತು.