ಹಿಂದಿನ ಡಬ್ಬಿಯಿಂದ ಓಡಿಬಂದವರು

ಪರದೇಶದ ರೈಲು. ಹಿಂದಿನ ಡಬ್ಬಿಯಿಂದ ಇಳಿದು ಓಡಿಬಂದ ಅತ್ತೆ, ಸೊಸೆ ಏದುಸಿರು ಬಿಡುತ್ತ ನನ್ನೆದುರು ಕೂತರು.

"ವಿಮಾನ ತಪ್ಪೋದ್ರಲ್ಲಿತ್ತಲ್ಲ ಅತ್ತೆ! ಹಿಂದಿನ ಡಬ್ಬಿಗಳನ್ನ ಕಳಚಿ ಬೇರೆ ಊರಿಗೆ ಕಳಿಸ್ತಾರೆ ಅಂತ ನಮಗೇನು ಗೊತ್ತು?"

"ಕಸ ಗುಡಿಸೋಳಿಗೆ ಗೊತ್ತಿತ್ತು."

"ಅಷ್ಟು ಜನರಲ್ಲಿ ನಮ್ಮ ಟಿಕೆಟ್ಟೇ ಯಾಕೆ ಕೇಳಿ ನೋಡಿದ್ಲೋ?"

"ಅವಳು ಬಂದಾಗ ಎಲ್ರೂ ಕಾಲೆತ್ತಿ ಕೂತ್ರು. ನಾನು ಬಗ್ಗಿ ಸೀಟಿನಡಿ ಇದ್ದ ಸಿಪ್ಪೆ ತೆಗೆದು ಅವಳ ಚೀಲಕ್ಕೆ ಹಾಕ್ದೆ. ಮೂವತ್ತು ವರ್ಷ ಬೀದಿ ಗುಡಿಸಿದ ಕೈ, ಸುಮ್ನಿರುತ್ತಾ?"

"ಪುಣ್ಯಾತ್ಗಿತ್ತಿ, ನಮ್ಮ ಪೆಟ್ಟಿಗೆ ಹೊತ್ಕೊಂಡು ಇಲ್ಲೀತನಕ ಓಡಿದ್ಲು! ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ ನಾವು."

"ನಾನು ಕೈ ಹಿಡ್ಕೊಂಡೆ. ನನ್ ಕೈ ತರಾನೇ ಒರಟು. ಅವಳಿಗೆ ತಿಳೀತು ಬಿಡು."

ವಿಮಾನ ನಿಲ್ದಾಣ ಬಂತು. ಸೊಸೆ ಪೆಟ್ಟಿಗೆ ಎಳೆದಳು. ಅತ್ತೆ ಬಗ್ಗಿ, ನಾನು ಕುಡಿದು ಕಾಲ ಬಳಿ ಇಟ್ಟಿದ್ದ ಕಾಗದದ ಲೋಟವನ್ನು ಎತ್ತಿಕೊಂಡು ಇಳಿದರು.