ಬೆಳಗಿನ ಬಸ್ಸೋ, ಸಂಜೆಯ ಬಸ್ಸೋ

"ಹಲೋ… ಹಾಂ, ಹೇಳಿ, ಯಾರು ಮಾತಾಡ್ತಿರೋದು?… ಹಲೋ?… ಸಿಗರೇಟು ಬಿಡೋಕಾ, ಸೂಜಿ ಭಯಕ್ಕಾ? ಯಾವ್ದಾದ್ರೂ ಸರಿ, ಸಂಕೋಚ ಬೇಡ, ನಿಧಾನವಾಗಿ ಹೇಳಿ…"

ಕನ್ನಡಕದ ಅಂಗಡಿಯ ಮೇಲಿನ ಆ ಪುಟ್ಟ ಕೋಣೆಗೆ ಬರುವ ಕರೆಗಳೆಲ್ಲ ಇಂಥವೇ. ಜನ ಅವನನ್ನು ಮಾತಿನ ಮೇಷ್ಟ್ರು ಅನ್ನುತ್ತಿದ್ದರು. ಹಗಲೆಲ್ಲ ಬಂದವರನ್ನು ಒರಗುಕುರ್ಚಿಯಲ್ಲಿ ಕೂರಿಸಿ, ಬರೀ ಮಾತಿನಿಂದ ಸಮ್ಮೋಹನದ ನಿದ್ದೆಗೆ ಇಳಿಸಿ, ಅವರ ಚಟವನ್ನೋ ಭಯವನ್ನೋ ಬಿಡಿಸುವುದು. ಸಂಜೆ ಅದೇ ಮಾತಿನ ವರಸೆಗಳನ್ನು ಸೇಲ್ಸಿನವರಿಗೆ ಪಾಠ ಹೇಳುವುದು. ಎಂಥಾ ಮೊಂಡರೂ ಅವನ ಮುಂದೆ ಬೆಣ್ಣೆ.

"ಉಸಿರಾಡೋದು ಕೇಳಿಸ್ತಿದೆ… ಯಾರು?… ಪುಟ್ಟಿ? ಪುಟ್ಟೀ, ನೀನೇನಾ? ಅಯ್ಯೋ ನನ್ ಕಂದಾ! ಎಲ್ಲಿದೀಯೇ? ಎರಡೂವರೆ ತಿಂಗಳಾಯ್ತಲ್ಲೇ! ನಿಮ್ಮ ಮಗಳು ಮನೆ ಬಿಟ್ಟು ಹೋಗಿದಾಳೆ ಅಂತ ಅಳಿಯಂದ್ರು ಫೋನ್ ಮಾಡಿದಾಗಿನಿಂದ ನಾನು ಹುಡುಕದ ಜಾಗ ಇಲ್ಲ ಕಣೇ… ಹಾಂ, ಹಾಂ. ಆಯ್ತು, ಕೂಗಲ್ಲ…"

ಅವನು ಎದ್ದು ಬಾಗಿಲು ಮುಚ್ಚಿದ. ಗಂಟಲು ತನ್ನಷ್ಟಕ್ಕೆ ತಾನೇ ಆ ಕಸುಬಿನ ತಗ್ಗುದನಿಗೆ ಇಳಿಯಿತು.

"ನೋಡಮ್ಮ, ನೀನೇ ಫೋನ್ ಮಾಡಿದೀಯ. ನನ್ನ ದನಿ ನಿಂಗೆ ಕೇಳಿಸ್ತಿದೆ. ಉಸಿರು ಎಳ್ಕೊಳ್ತಿದೀಯ, ಬಿಡ್ತಿದೀಯ… ಹಾಗೇ ಮನಸ್ಸೂ ಸ್ವಲ್ಪ ಸ್ವಲ್ಪವೇ ಹಗುರ ಆಗ್ತಾ… ಏನಂದೆ?… ಪಾಠ ಒಂದಾ?… ಛೇ, ಇಲ್ಲಮ್ಮ, ನಿನ್ ಹತ್ರ ನಾನು ಹಾಗೆಲ್ಲ… ಹಾಂ. ಹೌದು. ಒಂದೇ…"

ಆ ಪಾಠಗಳನ್ನು ಟೈಪು ಮಾಡಿಕೊಟ್ಟವಳೇ ಅವಳು. ಹೈಸ್ಕೂಲಿನಿಂದಲೂ ಇದೇ ಕೋಣೆಯ ಮೂಲೆಯ ಮೇಜಿನಲ್ಲಿ ಕೂತು, ತಪ್ಪು ತಿದ್ದಿ, ಅಪ್ಪನನ್ನೇ ರೇಗಿಸುತ್ತಾ. ಪಾಠ ಒಂದು: ಎದುರಿಗಿರುವವರು ಅಲ್ಲಗಳೆಯಲಾಗದ ಮೂರು ನಿಜ ಹೇಳಿ, ನಾಲ್ಕನೆಯದಾಗಿ ನಿಮಗೆ ಬೇಕಾದ್ದನ್ನು ಸೇರಿಸಿ, ಮೂರು ಸಲ ತಲೆಯಾಡಿಸಿದವರು ನಾಲ್ಕನೆಯದಕ್ಕೂ ಆಡಿಸುತ್ತಾರೆ. ಅವಳಿಗೆ ಇವೆಲ್ಲ ಬಾಯಿಪಾಠ.

"ಸರಿ, ಹೋಗ್ಲಿ ಬಿಡು. ಮನೆಗೆ ಯಾವಾಗ ಬರ್ತೀಯ? ನಾಳೆ ಬರ್ತೀಯೋ, ಇಲ್ಲ ಭಾನುವಾರ… ಹಾಂ?… ನಾಲ್ಕು. ಹೌದು ಕಣೇ, ಪಾಠ ನಾಲ್ಕು. ಏನ್ ಮಾಡ್ಲಿ, ನಾಲಿಗೆಗೆ ಅಭ್ಯಾಸ ಆಗ್ಬಿಟ್ಟಿದೆ…"

ಪಾಠ ನಾಲ್ಕೆಂದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. 'ಬೇಕೋ ಬೇಡವೋ ಅಂತ ಕೇಳಲೇಬೇಡಿ. ಇವತ್ತೋ ನಾಳೆಯೋ ಅಂತ ಕೇಳಿ.' ನಾಲ್ಕು ತಿಂಗಳ ಹಿಂದೆ ಮಗಳು ಒಂದೇ ಒಂದು ಚೀಲ ಹಿಡಿದು ಗಂಡನ ಮನೆಯಿಂದ ಬಂದು, ಇನ್ನು ಅಲ್ಲಿ ಇರೋಕ್ಕಾಗಲ್ಲ ಅಂದಾಗ ಅವನು ಬೈಯಲಿಲ್ಲ, ಗದರಲಿಲ್ಲ. ಒರಗುಕುರ್ಚಿಯಲ್ಲಿ ಕೂರಿಸಿ, ಅವಳ ಉಸಿರಿಗೆ ತನ್ನ ದನಿ ಹೊಂದಿಸಿ, ತುಂಬಾ ಹೊತ್ತು ಮೆಲ್ಲಗೆ ಮಾತಾಡಿದ. ಕೊನೆಗೆ ಕೇಳಿದ: ಬೆಳಗಿನ ಬಸ್ಸಿಗೆ ಹೊರಡ್ತೀಯೋ, ಸಂಜೆಯದಕ್ಕೋ? ಅವಳು ಕಣ್ಣು ಮುಚ್ಚಿಕೊಂಡೇ ಸಂಜೆಯದಕ್ಕೆ ಅಂದಳು.

"ಏನು? ಬೀಗಾನಾ?… ಹೊರಗಿಂದ?… ಅವರು ಕೆಲಸಕ್ಕೆ ಹೋದ್ರೆ ವಾಪಸ್ ಬರೋವರ್ಗೂನಾ?… ದಿನಾನಾ?… ಅಯ್ಯೋ ದೇವರೇ. ಮತ್ತೆ ಅವತ್ತೇ ಯಾಕೆ ಬಾಯಿ ಬಿಟ್ಟು ಹೇಳ್ಲಿಲ್ಲ ನೀನು?… ಹಾಂ… ಹಾಂ… 'ಅಪ್ಪಾ, ಅವರು' ಅಂತ ಶುರು ಮಾಡಿದ್ದೆ. ನೆನಪಿದೆ. ಸುಸ್ತಾಗಿದೀಯ, ಮೊದ್ಲು ಕಣ್ಣು ಮುಚ್ಕೋ ಅಂದೆ ನಾನು…"

ಅಳಿಯ ಮೆಲುದನಿಯ ಮನುಷ್ಯ, ಮಾವ ಹೋದಾಗಲೆಲ್ಲ ಎದ್ದು ನಿಂತು ಮಾತಾಡಿಸುವವನು. ಒಳ್ಳೆಯವನೆನ್ನಲು ಈ ಪೆದ್ದ ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು.

"ಇನ್ನೇನಮ್ಮಾ? ಹೇಳು… ಅವತ್ತು ಸಂಜೆನಾ?… ಬಸ್ ಸ್ಟ್ಯಾಂಡಿಂದ ವಾಪಸ್ ಬಂದಿದ್ಯಾ? ಇಲ್ಲಿಗಾ?… ಹೋಗಲ್ಲ ಅಂತ ಹೇಳೋಕೆ?… ಮತ್ತೆ ಒಳಗೆ ಯಾಕೆ… ಮೆಟ್ಟಿಲ ಮೇಲೇ ನಿಂತ್ಬಿಟ್ಯಾ?… ಎಲ್ಲಾ ಕೇಳಿಸ್ಕೊಂಡ್ಯಾ?…"

ಆ ಸಂಜೆಯ ಪಾಠದಲ್ಲಿ ಅವನು ಸೇಲ್ಸಿನವರಿಗೆ ಅದನ್ನೇ ಉದಾಹರಣೆ ಕೊಟ್ಟಿದ್ದ. ಹೆಸರು ಹೇಳಿರಲಿಲ್ಲ, ನಿಜ. 'ಗಂಡನ ಮನೆಗೆ ಹೋಗಲ್ಲ ಅಂದವಳು ಬಸ್ಸಿನ ಹೊತ್ತನ್ನ ತಾನೇ ಆರಿಸಿದಳು, ನೋಡಿ!' ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

"ಆ ನಗು ಕೇಳಿ ಹಾಗೇ ಇಳಿದು ಹೋದ್ಯಾ… ಇನ್ನೆಲ್ಲಿ ಹೋಗ್ಬೇಕು ಅಂತ ತೋಚದೆ ಅದೇ ಬಸ್ಸು ಹತ್ತಿದ್ಯಾ?… ಪುಟ್ಟಿ, ನಂಗೆ… ಹಾಂ… ಇಲ್ಲ, ಅಳ್ತಿಲ್ಲ. ನೀನು ಹೇಳು…"

ಅವಳು ಫೋನ್ ಮಾಡಿದ್ದು ಬೇರೆಯದೇ ಕೆಲಸಕ್ಕೆ.

"ಮಾರ್ಕ್ಸ್ ಕಾರ್ಡಾ? ಇದೆ, ಕಪಾಟಿನ ಮೇಲಿನ ಖಾನೆ, ನೀಲಿ ಫೈಲು. ಕೆಲಸ ಸಿಕ್ತಾ? ಎಲ್ಲಿ?… ನಾನೇ ತಂದ್ಕೊಡ್ತೀನಿ, ವಿಳಾಸ ಹೇಳು… ಹೇಳಲ್ವಾ? ಯಾಕೆ?… ನಾನು ಬಂದು ಮಾತಾಡ್ತೀನಿ ಅಂತಾನಾ?… ಮಾತಾಡಿದ್ರೆ ಏನಾಗುತ್ತೆ?… ಹಾಂ. ಒಪ್ಕೊಂಡ್ಬಿಡ್ತೀಯ. ಏನ್ ಒಪ್ಕೊಂಡೆ ಅಂತ ಆಮೇಲೆ ಗೊತ್ತಾಗುತ್ತೆ…"

ಹೆತ್ತ ಮಗಳಿಗೆ ತನ್ನ ದನಿಯೇ ಹೆದರಿಕೆ. ಇಷ್ಟು ವರ್ಷ ತಿದ್ದಿ ತೀಡಿದ ದನಿ! ಕಿತ್ತು ಎಸೆಯುವ ಹಾಗಿದ್ದರೆ ಅವನು ಆ ಗಂಟಲನ್ನೇ ಕಿತ್ತು ಎಸೆಯುತ್ತಿದ್ದ.

"ಆಯ್ತು. ಕೆಳಗೆ ಕನ್ನಡಕದ ಅಂಗಡಿ ಪಕ್ಕ, ಹೊಲಿಗೆ ಅಂಗಡಿ ಅಕ್ಕನ ಹತ್ರ ಕೊಟ್ಟಿರ್ತೀನಿ. ನೀನು ಬಂದು ತಗೊಂಡು ಹೋಗು. ನಾನು ಕಾಯ್ತಾ ಕೂರಲ್ಲ, ಕಿಟಕೀಲೂ ಇಣುಕಲ್ಲ, ನಿನ್ನಾಣೆ… ಈ ನಂಬರಿಗೆ ಮಾಡ್ಲಾ?… ಬೇರೆಯವರದ್ದಾ?… ವಾಪಸ್ ಕೊಡ್ಬೇಕಾ? ಚಾರ್ಜೂ ಇಲ್ವಾ? ತಡಿ, ತಡಿ, ಇಡ್ಬೇಡ. ಒಂದೇ ಮಾತು. ಪಾಠ ಅಲ್ಲ ಕಣಮ್ಮ, ಅವತ್ತು ಕೇಳ್ಬೇಕಾಗಿದ್ದ ಮಾತು… ಪುಟ್ಟಿ, ನಿಂಗೆ ಏನು ಬೇಕು?…"

ಅವನ ಪಾಠಗಳಲ್ಲಿ ಕೊನೆಯದು: ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ, ಮೊದಲು ಮಾತಾಡಿದವರು ಸೋತ ಹಾಗೆ. ಇಷ್ಟು ವರ್ಷದಲ್ಲಿ ಅವನು ಒಂದು ಸಲವೂ ಮೊದಲು ಮಾತಾಡಿದವನಲ್ಲ. ಇವತ್ತೂ ತುಟಿ ಬಿಗಿಹಿಡಿದು ಕೂತ, ಆದರೆ ಗೆಲ್ಲಲಿಕ್ಕಲ್ಲ. ಅವಳು ಬರಲ್ಲ ಅನ್ನಲಿ, ಬೈಯಲಿ, ಏನು ಬೇಕಾದರೂ ಅನ್ನಲಿ, ಪೂರ್ತಿ ಕೇಳಿಸಿಕೊಳ್ಳಬೇಕು ಅಂತ. ಕೆಳಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತ ಯಾರೋ ಗಿರಾಕಿ ಅಕ್ಷರಗಳ ಸಾಲನ್ನು ಒಂದೊಂದಾಗಿ ಓದುತ್ತಿದ್ದ. ಆ ಸಾಲು ಮುಗಿಯಿತು, ಮುಂದಿನದೂ ಮುಗಿಯಿತು. ಮಗಳು ಯೋಚಿಸುತ್ತಿದ್ದಾಳೆ ಅಂದುಕೊಂಡ. ಕೊನೆಗೆ ತಡೆಯಲಾಗಲಿಲ್ಲ.

"ಪುಟ್ಟಿ, ನಾನು ಸೋತೆ ಕಣೇ. ನಂದೇ ತಪ್ಪು. ನೀನು ಬರ್ದಿದ್ರೂ ಪರವಾಗಿಲ್ಲ, ನನ್ ಹತ್ರ ಮಾತಾಡ್ದಿದ್ರೂ ಪರವಾಗಿಲ್ಲ. ಚೆನ್ನಾಗಿರು ಅಷ್ಟೇ… ಕೇಳಿಸ್ತಾ?… ಪುಟ್ಟಿ?…"

ಫೋನನ್ನು ಕಿವಿಯಿಂದ ತೆಗೆದು ನೋಡಿದ. ಲೈನು ಆಗಲೇ ಕಟ್ಟಾಗಿತ್ತು. ಪ್ರಶ್ನೆಗೆ ಮುಂಚೆಯೋ, ಆಮೇಲೋ, ಅವನಿಗೆ ತಿಳಿಯಲಿಲ್ಲ.

"ಹಲೋ… ಪುಟ್ಟೀ… ಹಲೋ?…"