ಹಳೇ ಗೈಡ್‌ನ ಫೋನು

ಆಸ್ಪತ್ರೆಯಲ್ಲಿ ಲಿಫ್ಟ್‌ಗೆ ಕಾಯುತ್ತಿದ್ದೆ. ಮುಂದೆ ಅಕ್ಕ ತಂಗಿ ನಿಂತಿದ್ದರು. ಮೆದುಳಿನ ಸಂಕೇತದಿಂದ ಕೃತಕ ಕೈ ಆಡಿಸುವ ಲ್ಯಾಬು ಅಕ್ಕನದೆಂದು ಮಾತಿನಲ್ಲೇ ತಿಳಿಯಿತು.

“ನಿನ್ನ ಲ್ಯಾಬಿನ ಪೋಸ್ಟ್‌ಡಾಕ್ ಕೆಲಸ ಯಾರಿಗೆ ಕೊಟ್ಟೆ ಅಕ್ಕಾ?”

“ನನ್ನ ಹಳೇ ಪಿಎಚ್‌ಡಿ ಗೈಡ್ ಹತ್ರ ಇರೋ ಹುಡುಗಿಗೆ.”

“ನಿನ್ನ ಕೈ ನಡುಗುತ್ತೆ, ಮೆದುಳಿಗೆ ಎಲೆಕ್ಟ್ರೋಡ್ ಕೂರಿಸೋಕೆ ಲಾಯಕ್ಕಿಲ್ಲ ಅಂತ ಎಲ್ಲಾ ಕಡೆ ಬರೆದ್ರಲ್ಲ, ಅವರಾ?”

“ಅವರೇ. ಆರು ವರ್ಷ ಯಾವ ಲ್ಯಾಬೂ ನನ್ನ ಸೇರಿಸ್ಕೊಳ್ಳಲಿಲ್ಲ. ಮೊನ್ನೆ ಫೋನ್ ಮಾಡಿ ಗೋಗರೆದ್ರು. ‘ಇಲ್ಲಿ ಎಲೆಕ್ಟ್ರೋಡ್ ಕೂರಿಸೋ ಕೆಲಸ ಬರೋದು ಇವಳೊಬ್ಬಳಿಗೇ. ಇವಳು ಹೋದ್ರೆ ನನ್ನ ಲ್ಯಾಬ್ ಮುಚ್ಚಬೇಕು, ತಗೋಬೇಡಮ್ಮ’ ಅಂದ್ರು.”

“ನೀನೇನಂದೆ?”

“‘ನೇಮಕದ ಆರ್ಡರ್ ಕಳಿಸಿಯಾಯ್ತು ಸರ್, ಸೋಮವಾರ ಬರ್ತಾಳೆ’ ಅಂದೆ. ನಿಜಕ್ಕೂ ಕಳಿಸಿದ್ದು ಫೋನಿಟ್ಟ ಮೇಲೆ.”

ತಂಗಿ ನಕ್ಕಳು. “ಹೊಟ್ಟೆ ತಣ್ಣಗಾಯ್ತು ಬಿಡು. ಉಳಿದೋರು ಅಷ್ಟು ಚೆನ್ನಾಗಿರಲಿಲ್ವಾ?”

“ನಲವತ್ತು ಅರ್ಜಿ ಬಂದಿತ್ತು. ಸರ್ ಫೋನ್ ಬಂದ್ಮೇಲೆ ಒಂದನ್ನೂ ತೆರೆಯಲಿಲ್ಲ ಕಣೆ.”

ತಂಗಿಯ ನಗು ನಿಂತಿತು. “ನಿನ್ನ ಹಾಗೆ ಆರು ವರ್ಷದಿಂದ ಕಾಯ್ತಿರೋರು ಆ ನಲವತ್ತರಲ್ಲೂ ಇರಲ್ವಾ ಅಕ್ಕಾ?”

ಲಿಫ್ಟ್ ಬಾಗಿಲು ತೆರೆಯಿತು.

“ಇರಬಹುದು. ಬಾ,” ಎಂದು ಅಕ್ಕ ಒಳಗೆ ಹೋದಳು.

ತಂಗಿ ಮೆಟ್ಟಿಲ ಕಡೆ ನಡೆದಳು.